ಕಾಫಿ ಹೂ ನೋಡಲು ಬರುವವರಿಗೆ: ಈ ಸಲದಿಂದ ಮಳೆ ಬಿದ್ದ ಮೇಲೆಯೇ ಬುಕಿಂಗ್

ಪ್ರಿಯ ಅತಿಥಿಗಳೇ,

ನಮಸ್ಕಾರ. ಕಾಫಿ ಹೂವಿನ ಕಾಲಕ್ಕೆಂದು ಮಾರ್ಚ್‌ನ ಎರಡು ವಾರಾಂತ್ಯಗಳನ್ನು ಜನವರಿಯಲ್ಲೇ ಗೊತ್ತು ಮಾಡಿ, ಕೊಡಗಿನ ನಮ್ಮ ಐದು ಹೋಂಸ್ಟೇಗಳಿಗೂ ಒಟ್ಟಿಗೆ ಬುಕಿಂಗ್ ತೆಗೆದುಕೊಳ್ಳುತ್ತಿದ್ದೆವು. ಇನ್ನು ಮುಂದೆ ಹಾಗಿಲ್ಲ. ಮಳೆ ಬಿದ್ದ ಮೇಲೆಯೇ ದಿನ ಹೇಳುತ್ತೇವೆ.

ಯಾಕೆ ಅಂತ ತೋಟ ಇರುವವರಿಗೆ ಹೇಳಬೇಕಿಲ್ಲ. ಪೇಟೆಯಿಂದ ಬರುವವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇವೆ. ಚಳಿಗಾಲದ ಒಣಹವೆಯಲ್ಲಿ ಕಾಫಿ ಗಿಡದ ಮೊಗ್ಗು ತಯಾರಾಗಿ ಸುಮ್ನೆ ಕೂತಿರುತ್ತದೆ. ಅದನ್ನು ಎಬ್ಬಿಸುವುದು ಹೂಮಳೆ. ಒಂದು ಇಂಚಿನಷ್ಟಾದರೂ ಸುರಿದರೆ ಎಂಟು-ಹತ್ತು ದಿನಕ್ಕೆ ಇಡೀ ತೋಟ ಒಂದೇ ಸಲ ಬೆಳ್ಳಗಾಗುತ್ತದೆ. ಮಲ್ಲಿಗೆಯಂಥ ಘಮ ರಸ್ತೆವರೆಗೂ ಬರುತ್ತದೆ. ಎಲ್ಲ ಎರಡು-ಮೂರು ದಿನ. ಆಮೇಲೆ ಹೂ ಕಂದಿ ಉದುರಲು ಶುರು. ಹನಿ ಹಾಕಿ ನಿಂತ ಮಳೆಯಂತೂ ಬೇಡವೇ ಬೇಡ, ಮೊಗ್ಗು ಅರ್ಧಂಬರ್ಧ ಅರಳಿ ಹಾಳಾಗುತ್ತದೆ.

ರೊಬಸ್ಟಾ ಅನ್ನುವ ಕಾಫಿ ತಳಿ ಇರುವವರು ಕೆರೆ ನೀರಿನಿಂದ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುತ್ತಾರೆ. ಆದರೆ ನಮ್ಮ ಐದು ಮನೆಗಳಲ್ಲಿ ಅಷ್ಟು ನೀರಿರುವ ಕೆರೆ ಒಂದೇ ತೋಟದಲ್ಲಿದೆ. ಉಳಿದವರು ಆಕಾಶ ನೋಡಬೇಕು. ಅದೂ ಒಂದೇ ಆಕಾಶ ಅಲ್ಲ ಅನ್ನಿ. ಸುಂಟಿಕೊಪ್ಪದಲ್ಲಿ ಚೆನ್ನಾಗಿ ಹೊಯ್ದ ಮಳೆ ಮಾದಾಪುರದಲ್ಲಿ ಮಣ್ಣನ್ನೂ ನೆನೆಸಿರುವುದಿಲ್ಲ. ಫೆಬ್ರವರಿ ಕೊನೆಗೇ ಬರಬಹುದು, ಏಪ್ರಿಲ್‌ವರೆಗೂ ಕಾಯಿಸಬಹುದು. ಬರೀ ಹಸಿರು ಗಿಡ ತೋರಿಸಿ ಹೂವಿನ ವಾರ ಅಂತ ದುಡ್ಡು ತೆಗೆದುಕೊಳ್ಳುವುದು ನಮಗೆ ಸರಿ ಕಾಣುವುದಿಲ್ಲ.

ಹಾಗಾಗಿ ಹೀಗೆ ಮಾಡೋಣ. ನೀವು ಹೆಸರು, ಎಷ್ಟು ಜನ ಅನ್ನುವುದನ್ನಷ್ಟೇ ಈಗ ಬರೆಸಿಡಿ. ಮುಂಗಡ ಬೇಡ. ಸಾಕಷ್ಟು ಮಳೆ ಬಿದ್ದ ಮರುದಿನವೇ ಯಾವ ತೋಟ, ಸುಮಾರು ಯಾವ ದಿನ ಅಂತ ವಾಟ್ಸ್‌ಆ್ಯಪ್ ಬರುತ್ತದೆ. ಅದು ಬಂದ ಎರಡು ದಿನದೊಳಗೆ ‘ಬರುತ್ತೇವೆ’ ಅಂತ ತಿಳಿಸಿದವರಿಗೆ ರೂಮು. ಹೂವಿನ ದಿನ ಮಂಗಳವಾರವೂ ಆಗಬಹುದು, ಬುಧವಾರವೂ ಆಗಬಹುದು. ರಜೆ ಹಾಕುವುದು ಕಷ್ಟ ಅಂತ ಗೊತ್ತು, ಆದರೆ ಹೂವಿಗೆ ಭಾನುವಾರ ಗೊತ್ತಾಗುವುದಿಲ್ಲ ಅಲ್ವಾ? ಬಾಡಿಗೆ ಹೋದ ವರ್ಷದ್ದೇ. ಹಳೇ ಪದ್ಧತಿಯಲ್ಲಿ ಈಗಾಗಲೇ ಮುಂಗಡ ಕಟ್ಟಿದವರಿಗೆ ಪೂರ್ತಿ ಹಣ ವಾಪಸ್ ಕೊಡುತ್ತೇವೆ. ಬೇಕಾದರೆ ಅದನ್ನೇ ಬೇರೆ ದಿನಕ್ಕೆ ಹಾಕಿಕೊಳ್ಳಿ.

ತೋಟದೊಳಗೆ ನಡೆಯುವ ರೀತಿಯೂ ಕೊಂಚ ಬದಲಾಗಿದೆ. ಕತ್ತಲಿರುವಾಗಲೇ ಹೊರಡುವುದು ಬಂದ್. ಹಲಸು ಬಲಿಯುವ ಹೊತ್ತಿಗೆ ಆನೆಗಳು ತೋಟಕ್ಕೆ ಇಳಿಯುವುದು ಜಾಸ್ತಿ. ತೋಟದವರು ಒಂದು ಸುತ್ತು ನೋಡಿ ಬಂದ ಮೇಲೆ, ಏಳು ಗಂಟೆಗೆ ಹೊರಡೋಣ. ಜೇನು ಕೆಲಸ ಮಾಡುವ ಹೊತ್ತಿನಲ್ಲಿ ಡ್ರೋನ್ ಹಾರಿಸಬೇಡಿ. ಅರೇಬಿಕಾ ತಳಿ ತನ್ನಷ್ಟಕ್ಕೇ ಕಾಯಿ ಕಟ್ಟುತ್ತದೆ, ರೊಬಸ್ಟಾಗೆ ಗಾಳಿ ಬೇಕು, ಜೇನು ಬೇಕು. 1990ರ ದಶಕದ ಆರಂಭದಲ್ಲಿ ಜೇನುಹುಳುಗಳಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಪೆಟ್ಟಿಗೆ ಪೆಟ್ಟಿಗೆಯೇ ಖಾಲಿಯಾದದ್ದನ್ನು ನೋಡಿದ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಜೇನಿನ ವಿಷಯದಲ್ಲಿ ಅವರು ಯಾರ ಮಾತನ್ನೂ ಕೇಳುವುದಿಲ್ಲ. ಫೋಟೋಗೆ ಅಂತ ಹೂ ಕೀಳುವುದೂ ಬೇಡ. ಒಂದು ಹೂ ಕಿತ್ತರೆ ಎರಡು ಬೀಜ ಹೋದ ಹಾಗೆ.

ಹೂ ತಪ್ಪಿದರೂ ಬೇಸರ ಬೇಡ, ಏಪ್ರಿಲ್‌ನಲ್ಲಿ ಬನ್ನಿ. ಕಾಡುಮಾವಿನ ಹಣ್ಣು ಉದುರಲು ಶುರುವಾದರೆ ಮನೆಯಲ್ಲಿ ಹುಳಿ-ಸಿಹಿ-ಖಾರದ ಮಾಂಗೆ ಕರಿ, ಜೊತೆಗೆ ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ. ಏಪ್ರಿಲ್ 14ರ ಹೊತ್ತಿಗೆ ಬಿಸು ಚಂಗ್ರಾಂದಿ, ಕೊಡವರ ಹೊಸ ವರ್ಷ. ಅವತ್ತು ಬೆಳಿಗ್ಗೆ ಗದ್ದೆಯಲ್ಲಿ ನೇಗಿಲು ಹೂಡುವ ಶಾಸ್ತ್ರ ಇರುತ್ತದೆ. ನೋಡಬೇಕೆಂದರೆ ಬೇಗ ಏಳಿ, ತಿಂಡಿ ಮಾತ್ರ ತಡ.

ಇನ್ನು ಹಾಕಿ ಆಟದ ವಿಷಯ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಆಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಆಯ್ತು. ಒಂದೊಂದು ವರ್ಷ ಒಂದೊಂದು ಒಕ್ಕ (ಮನೆತನ) ಹೊಣೆ ಹೊರುತ್ತದೆ. ಅಜ್ಜ-ಮೊಮ್ಮಗ ಒಂದೇ ತಂಡದಲ್ಲಿ ಓಡುವುದುಂಟು, ಹೆಣ್ಣುಮಕ್ಕಳೂ ಆಡುತ್ತಾರೆ. ದೊಡ್ಡ ಟೂರ್ನಿಗಳಿಗಿಂತ ಇದನ್ನು ನೋಡುವುದೇ ಖುಷಿ ಅನ್ನುವುದು ನಮ್ಮ ಪಕ್ಷಪಾತದ ಅಭಿಪ್ರಾಯ. ನಮ್ಮ ಮನೆಗಳವರ ತಂಡ ಆಡುವ ದಿನ ಆ ಮನೆಗೆ ಹೊಸ ಬುಕಿಂಗ್ ಇಲ್ಲ. ಮೊದಲೇ ಬಂದು ಉಳಿದಿದ್ದರೆ ನೀವೂ ಜೀಪ್ ಹತ್ತಿ, ಕೂಗಲು ಜನ ಬೇಕು.

ಜಲಪಾತ, ಚಾರಣದ ಆಸೆ ಇಟ್ಟುಕೊಂಡು ಬರುವವರು ಮಳೆಗಾಲ ಕಳೆದ ಮೇಲೆ ಬರುವುದು ಒಳ್ಳೆಯದು. ಬೇಸಿಗೆಯಲ್ಲಿ ಅಬ್ಬಿಯ ನೀರು ಸಣ್ಣದಾಗಿರುತ್ತದೆ. ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಬೆಟ್ಟದ ದಾರಿಗಳನ್ನು ಮುಚ್ಚುವುದೂ ಉಂಟು.

ಹೆಸರು ಬರೆಸಲು ಹಳೇ ನಂಬರಿಗೇ ಮೆಸೇಜ್ ಮಾಡಿ. ಸಂಜೆ ಆರರ ನಂತರವಾದರೆ ಫೋನೂ ಮಾಡಬಹುದು, ಹಗಲು ತೋಟದೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ನಿಮ್ಮಲ್ಲಿ ಮಾಂಸ ತಿನ್ನದವರಿದ್ದರೆ ಈಗಲೇ ತಿಳಿಸಿಬಿಡಿ.

ಇಂತಿ,
ನಿಮ್ಮ ಹೋಂಸ್ಟೇ ಕೂಟದ ಐದೂ ಮನೆಯವರು