ನಮ್ಮ ಆಶಾ ಅಕ್ಕನಿಗೆ, ಅತ್ತೆಗೆ, ಆ ರಾತ್ರಿ ಫೋನ್ ಎತ್ತಿದವರಿಗೆ

ಬಾಣಂತನದಲ್ಲಿ ನನಗೆ ಖಿನ್ನತೆ ಬಂದಿತ್ತು. ಹೋದ ಶುಕ್ರವಾರ ಮಡಿಕೇರಿಯಲ್ಲಿ ಡಾಕ್ಟರ್ ಅದರ ಮಾತ್ರೆ ಪೂರ್ತಿ ನಿಲ್ಲಿಸಿದರು. ಕೆಲವು ತಿಂಗಳಿಂದ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಬಂದಿದ್ದರು. ಮಗಳಿಗೆ ಈಗ ವರ್ಷ ತುಂಬಿ ಒಂದು ತಿಂಗಳು. ಥ್ಯಾಂಕ್ಸ್ ಹೇಳಬೇಕಾದವರಿಗೆಲ್ಲ ಎದುರಿಗೇ ಹೇಳಿದ್ದೇನೆ. ಆದರೂ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಯಾಕಂದ್ರೆ ಈ ಮಳೆಯಲ್ಲೂ ಕೊಡಗಿನ ಎಷ್ಟೋ ಮನೆಗಳ ಒಳಕೋಣೆಯಲ್ಲಿ ಬಾಣಂತಿಯರು ಇದ್ದಾರೆ.

ಮೊದಲು ಆಶಾ ಅಕ್ಕನ ವಿಷಯ.

ನಮ್ಮ ಮನೆ ಚೇರಂಬಾಣೆ ಕಡೆ, ರಸ್ತೆಯಿಂದ ತೋಟದೊಳಗೆ ಒಂದು ಕಿಲೋಮೀಟರ್ ನಡೆಯಬೇಕು. ಹೋದ ವರ್ಷ ಜೂನ್‌ನಲ್ಲಿ ಮಗು ಹುಟ್ಟಿತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬಂದು ನೋಡಬೇಕು: 3, 7, 14, 21, 28, 42ನೇ ದಿನ. ಆರೂ ಭೇಟಿಗೆ ಸೇರಿ ಪ್ರೋತ್ಸಾಹಧನ 250 ರೂಪಾಯಿ. ಅಕ್ಕ ಒಂದು ದಿನವೂ ತಪ್ಪಿಸಲಿಲ್ಲ. ಬಾಗಿಲಲ್ಲೇ ನಿಂತು ಕಾಲಿನ ಜಿಗಣೆಗೆ ಉಪ್ಪು ಹಾಕಿ, ಕೈ ತೊಳೆದು, ಆಮೇಲೇ ಮಗುವಿನ ಹತ್ತಿರ ಬರುತ್ತಿದ್ದರು. ತೂಕ, ಜ್ವರ, ಹೊಕ್ಕುಳು. ಕೊನೆಗೆ ಗಡಿಯಾರ ನೋಡಿಕೊಂಡು ಒಂದು ನಿಮಿಷ ಮಗುವಿನ ಉಸಿರು ಎಣಿಸುತ್ತಿದ್ದರು. ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

28ನೇ ದಿನ ಅವರು ಎಣಿಸಿ ಮುಗಿಸುವ ಮೊದಲೇ ನಾನು "ನಲವತ್ತನಾಲ್ಕು ಅಕ್ಕಾ" ಅಂದೆ. ಅವರ ಲೆಕ್ಕವೂ ನಲವತ್ತನಾಲ್ಕೇ ಬಂತು. ಪೆನ್ನು ಕೆಳಗಿಟ್ಟರು. "ನಿಂಗೆ ಹೇಗೆ ಗೊತ್ತು?" ಅಂದರು.

"ನಾನೂ ಎಣಿಸ್ತೀನಿ."

"ಯಾವಾಗ?"

"ರಾತ್ರಿಯೆಲ್ಲ."

ಅದು ನಿಜ. ಮೊದಲ ವಾರದಿಂದಲೇ ಶುರುವಾಗಿತ್ತು. ಮಗು ಮಲಗಿದರೂ ನಾನು ಮಲಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಮಗುವಿನ ಉಸಿರು ನಿಂತೇ ಹೋಗುತ್ತದೆ ಅನ್ನಿಸುತ್ತಿತ್ತು. ಹಂಚಿನ ಮೇಲೆ ಮಳೆ ಜೋರಾದರೆ ಉಸಿರಿನ ಸದ್ದು ಕೇಳುತ್ತಿರಲಿಲ್ಲ, ಆಗ ಮೂಗಿನ ಹತ್ತಿರ ಬೆರಳು ಹಿಡಿದು ಕೂರುತ್ತಿದ್ದೆ. ಕರೆಂಟ್ ಹೋದರೆ ಟಾರ್ಚ್. ಬೆಳಗಾಗುವಾಗ ನನಗೆ ಯಾರೂ ಬೇಡ, ಏನೂ ಬೇಡ. ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಷ್ಟರೊಳಗೆ ಒಂದು ಕಡೆ ತೋರಿಸಿಯೂ ಆಗಿತ್ತು. "ಚೊಚ್ಚಲು ಅಲ್ವಾ, ಎಲ್ಲರಿಗೂ ಹೀಗೇ ಆಗತ್ತೆ" ಅಂದು ಕಳಿಸಿದ್ದರು. ಆಮೇಲೆ ಬಾಯಿ ಬಿಡಲು ಧೈರ್ಯ ಬರಲಿಲ್ಲ. ಗರ್ಭಿಣಿಯರಿಗೆ ಕೊಡುವ "ತಾಯಿ ಕಾರ್ಡ್"ನಲ್ಲಿ ನನ್ನ ತೂಕ, ರಕ್ತ, ಬಿಪಿ, ಇಂಜೆಕ್ಷನ್ ಎಲ್ಲವನ್ನೂ ತುಂಬಿದ್ದರು. ನಿದ್ದೆ ಬರುತ್ತಾ ಅಂತ ಮಾತ್ರ ಯಾರೂ ಕೇಳಿರಲಿಲ್ಲ.

ಅಕ್ಕ ಅವತ್ತು ಸಂಜೆಯವರೆಗೆ ನನ್ನ ಜೊತೆಗೇ ಕೂತಿದ್ದರು. ಮರುದಿನ ಮತ್ತೆ ಬಂದರು. ಆ ಭೇಟಿ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಮನೆಯಲ್ಲಿ ಹೆದರಿಕೆ ಇತ್ತು. ಅತ್ತೆಗೆ ಇದು ಬಾಣಂತಿ ಸನ್ನಿ ಅನ್ನಿಸಿತ್ತು. ಹೊರಗೆ ಹೇಳಿದರೆ ಊರಲ್ಲಿ ಮಾತಾಗುತ್ತದೆ ಅಂತ ಸುಮ್ಮನಿದ್ದರು. ನನ್ನ ಹೆದರಿಕೆ ಬೇರೆ: ತಲೆ ಸರಿಯಿಲ್ಲ ಅಂದುಬಿಟ್ಟರೆ ಮಗುವನ್ನು ನನ್ನಿಂದ ಕಿತ್ತುಕೊಳ್ಳುತ್ತಾರೆ. ಒಂದು ತಿಂಗಳು ಮುಚ್ಚಿಟ್ಟಿದ್ದು ಇದೇ ಕಾರಣಕ್ಕೆ.

ಅಕ್ಕ ಬರೆದುಕೊಟ್ಟಿದ್ದ 14416 ನಂಬರಿಗೆ ಇವರು, ನನ್ನ ಗಂಡ, ಆ ರಾತ್ರಿಯೇ ಫೋನ್ ಮಾಡಿದರು. ಅದು ಟೆಲಿ ಮನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ. ಗಾಳಿಮಳೆಯಲ್ಲಿ ಇವರು ನನ್ನ ತಲೆ ಮೇಲೆ ಕೊಡೆ ಹಿಡಿದು ನಿಂತರು, ತಾವು ಪೂರ್ತಿ ನೆನೆದರು. ಆ ಕಡೆ ಒಬ್ಬರು ಹೆಣ್ಣುಮಗಳು. ಲೈನ್ ಎರಡು ಸಲ ಕಟ್ಟಾಯಿತು. ನನ್ನ ಮಾತು ಮುಗಿಯುವವರೆಗೆ ಅವರು ಅವಸರ ಮಾಡಲಿಲ್ಲ. ನಾಳೆಯೇ ಮಡಿಕೇರಿಗೆ ಹೋಗಿ, ಮಗುವನ್ನೂ ಕರೆದುಕೊಂಡೇ ಹೋಗಿ ಅಂದರು. ನಿಮ್ಮ ಹೆಸರು ಗೊತ್ತಿಲ್ಲ ಅಕ್ಕಾ. ಆ ಧ್ವನಿ ಈಗಲೂ ಕಿವಿಯಲ್ಲಿದೆ.

ಮಡಿಕೇರಿ ದೊಡ್ಡಾಸ್ಪತ್ರೆಯಲ್ಲಿ ಸಿಸ್ಟರ್ ಒಬ್ಬರು ಹತ್ತು ಪ್ರಶ್ನೆಗಳ ಒಂದು ಹಾಳೆ ಓದಿದರು. ಕಳೆದ ಏಳು ದಿನದಲ್ಲಿ ಹೇಗಿದ್ದೆ ಅಂತ ಹೇಳಬೇಕು. 1987ರಿಂದ ಬೇರೆ ಬೇರೆ ದೇಶಗಳಲ್ಲಿ ಬಳಸುತ್ತಿರುವ ಹಾಳೆಯಂತೆ ಅದು. ಕೊನೆಯ ಪ್ರಶ್ನೆ, ನಿನಗೆ ನೀನೇ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿತ್ತಾ ಅಂತ. "ಒಂದೆರಡು ಸಲ" ಅಂದೆ. ಸಿಸ್ಟರ್ ಗಾಬರಿಯಾಗಲಿಲ್ಲ, ಬೈಯಲಿಲ್ಲ. ಸ್ಟೂಲ್ ಹತ್ತಿರ ಎಳೆದುಕೊಂಡು ನನ್ನ ಮೊಣಕಾಲ ಮೇಲೆ ಕೈ ಇಟ್ಟರು. ಆ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಹೆದರುವವರಿದ್ದಾರೆ. ನನಗೆ ಅವತ್ತು ಎದೆ ಮೇಲಿನ ಕಲ್ಲು ಇಳಿದಂತಾಯಿತು.

ಡಾಕ್ಟರ್ ಅತ್ತೆಯನ್ನೂ ಒಳಗೆ ಕರೆದು ಹೇಳಿದರು. ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು ಬರುವುದು ತುಂಬಾ ಜನರಿಗೆ ಇರುತ್ತದೆ, ಎರಡು ವಾರದೊಳಗೆ ಕಡಿಮೆಯಾಗುತ್ತದೆ. ಆಮೇಲೂ ಉಳಿದರೆ ಅದು ಖಿನ್ನತೆ ಅನ್ನುವ ಕಾಯಿಲೆ. ನಮ್ಮಂಥ ದೇಶಗಳಲ್ಲಿ ಹೆರಿಗೆಯಾದ ಐದು ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಬರುತ್ತದೆ. ಸನ್ನಿ ಅನ್ನುವುದೇ ಬೇರೆ, ಸಾವಿರ ಹೆರಿಗೆಗೆ ಒಂದೋ ಎರಡೋ. ಅದರಲ್ಲಿ ಇಲ್ಲದ್ದು ಕಾಣುತ್ತದೆ, ಕೇಳುತ್ತದೆ, ಮಾತು ದಾರಿ ತಪ್ಪುತ್ತದೆ. ಆಗ ಒಂದು ದಿನವೂ ಕಾಯಬಾರದು, ಕೂಡಲೇ ಆಸ್ಪತ್ರೆಗೆ ಬರಬೇಕು.

ನನ್ನ ದೊಡ್ಡ ಹೆದರಿಕೆಗೂ ಅಲ್ಲೇ ಉತ್ತರ ಸಿಕ್ಕಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆಯಂತೆ, ತಾಯಿಯನ್ನು ಅಡ್ಮಿಟ್ ಮಾಡಿಕೊಂಡರೂ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅವಳಿಂದ ಬೇರೆ ಮಾಡುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರೂ ಒಟ್ಟಿಗೆ ಇರುವ ವಾರ್ಡೇ ಇದೆ. ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆ ಕೊಟ್ಟರು. ವಾರಕ್ಕೊಮ್ಮೆ ಮಾತಾಡಲು ಕರೆದರು. ರಾತ್ರಿ ಐದು ಗಂಟೆ ಒಂದೇ ಸಮ ನಿದ್ದೆ ಬೇಕೇ ಬೇಕು ಅಂತ ಮನೆಯವರಿಗೆ ತಾಕೀತು ಮಾಡಿದರು.

ಅತ್ತೆ ಅವತ್ತಿನಿಂದ ಬದಲಾದರು. ರಾತ್ರಿ ಹತ್ತಕ್ಕೆ ಮಗುವನ್ನು ತಮ್ಮ ಕೋಣೆಗೆ ಒಯ್ದು, "ನೀನು ಮಲಗು ಮಗಳೇ, ಎಣಿಸೋದು ಇನ್ನು ನನ್ನ ಕೆಲಸ" ಅಂದರು. ಮೊದಲ ರಾತ್ರಿ ನಾನು ಗೋಡೆಗೆ ಕಿವಿಯಿಟ್ಟು ಕೂತೆ. ಆ ಕಡೆಯಿಂದ ಮೆಲ್ಲಗೆ ಒಂದು, ಎರಡು, ಮೂರು ಅಂತ ಅವರ ಧ್ವನಿ ಕೇಳುತ್ತಿತ್ತು. ನಾಲ್ಕನೇ ರಾತ್ರಿ ಕೇಳುತ್ತಾ ಕೇಳುತ್ತಾ ನಿದ್ದೆ ಹೋದೆ. ಅತ್ತೆ, ನಿಮ್ಮ ಋಣ ನಾನು ಹೇಗೆ ತೀರಿಸಲಿ?

ಜೀಪ್ ಓಡಿಸಿದ ಅಣ್ಣನಿಗೂ ಥ್ಯಾಂಕ್ಸ್. ಮರ ಬಿದ್ದ ದಿನ ತಾವೇ ಕತ್ತಿ ಹಿಡಿದು ಇಳಿದು ದಾರಿ ಮಾಡಿದರು, ಬಾಡಿಗೆಗೆ ಅವಸರ ಮಾಡಲಿಲ್ಲ.

ಒಂದು ಮಾತು ಕೇಳಿಕೊಳ್ಳಬೇಕು. ನನಗೆ ಭಾಷೆ ಇತ್ತು, ಇವರಿದ್ದರು, ಅತ್ತೆ ಇದ್ದರು. ನಮ್ಮ ತೋಟಗಳ ಕೆಲಸಗಾರರ ಲೈನ್ ಮನೆಗಳಲ್ಲಿ ಅಸ್ಸಾಂನಿಂದ, ಬಂಗಾಳದಿಂದ ಬಂದ ಹೆಣ್ಣುಮಕ್ಕಳಿಗೆ ಬಾಣಂತನ ಮಾಡುವವರೇ ಇಲ್ಲ. ತೋಟದ ಮಾಲೀಕರೇ, ಲೆಕ್ಕ ಬರೆಯುವ ರೈಟರುಗಳೇ, ಲೈನ್ ಗೋಡೆ ಮೇಲೆ 14416 ಅಂತ ದೊಡ್ಡದಾಗಿ ಬರೆಸಿ. ಅಸ್ಸಾಮಿ, ಬಂಗಾಳಿಯಲ್ಲೂ ಅಲ್ಲಿ ಮಾತಾಡುತ್ತಾರೆ. ಬಾಣಂತಿ ಇರುವ ಮನೆಗೆ ಹೋಗುವವರೆಲ್ಲ ಮಗು ಎಷ್ಟು ತೂಕ ಅಂತ ಕೇಳುತ್ತೀರಲ್ಲ, ಮಗು ಮಲಗಿದಾಗ ನಿನಗೆ ನಿದ್ದೆ ಬರುತ್ತಾ ಅಂತಲೂ ಕೇಳಿ. ಬರಲ್ಲ ಅಂದರೆ ಎದ್ದು ಬರಬೇಡಿ.

ಹೋದ ವರ್ಷ ಆಟಿ ತಿಂಗಳ ಹದಿನೆಂಟರ ದಿನ, ನಮ್ಮ ಕೊಡಗಿನ ರೂಢಿಯಂತೆ, ಅತ್ತೆ ಮದ್ದು ಸೊಪ್ಪಿನ ಪಾಯಸ ಮಾಡಿದ್ದರು. ಮನೆಯೆಲ್ಲ ಘಮಘಮ. ನನಗೆ ಒಂದು ಚಮಚವೂ ಇಳಿದಿರಲಿಲ್ಲ. ಈ ಸಲ ಸೊಪ್ಪು ನಾನೇ ಕೊಯ್ಯುತ್ತೇನೆ. ಆಶಾ ಅಕ್ಕಾ, ಅವತ್ತು ಮಧ್ಯಾಹ್ನ ಬನ್ನಿ. ಬ್ಯಾಗು, ರಿಜಿಸ್ಟರು ಮನೆಯಲ್ಲೇ ಬಿಟ್ಟು ಬನ್ನಿ. ಉಪ್ಪು ಬಾಗಿಲಲ್ಲೇ ಇಟ್ಟಿರುತ್ತೇನೆ.