ಎಲೆ ಉದುರಿದ ಹೊಂಗೆ ಸತ್ತ ಮರವಲ್ಲ

ಮಾನ್ಯರೇ,

ನಮ್ಮ ಬೀದಿಯ ಹೊಂಗೆ ಮರವನ್ನು ಮೊನ್ನೆ ‘ಒಣಗಿದೆ, ಬರೀ ಕಸ’ ಅಂತ ಕಡಿಸಿಬಿಟ್ಟರು. ಅದು ಒಣಗಿರಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ ಹೊಂಗೆ ಎಲೆ ಉದುರಿಸುತ್ತದೆ, ಮಳೆಯಿಲ್ಲದ ದಿನಗಳಲ್ಲಿ ಎಲೆಗಳಿಂದ ನೀರು ಆವಿಯಾಗಿ ಹೋಗದಂತೆ ಮರ ಹೀಗೆ ಉಳಿಸಿಕೊಳ್ಳುತ್ತದೆ, ಅದೂ ಕೆಲವೇ ವಾರ, ಯುಗಾದಿ ಹೊತ್ತಿಗೆ ಮತ್ತೆ ಮೈತುಂಬ ಚಿಗುರು. ಬಿದ್ದಿದ್ದ ಕೊಂಬೆಯೊಂದನ್ನು ಎತ್ತಿ ನೋಡಿದೆ. ಉಗುರಿನಿಂದ ತೊಗಟೆ ಕೆರೆದರೆ ಒಳಗೆ ಹಸಿರು, ತುದಿಯಲ್ಲಿ ಅಕ್ಕಿಕಾಳಿನಷ್ಟು ಕುಡಿ. ಹೊಟ್ಟೆ ಉರಿಯಿತು.

ಸ್ವಲ್ಪ ದಿನ ಕಾದಿದ್ದರೆ ಸಾಕಿತ್ತು. ಬಿಸಿಲು ಏರುವಾಗಲೇ ದಟ್ಟ ನೆರಳು, ಆಮೇಲೆ ಗೊಂಚಲು ಗೊಂಚಲು ಹೂ, ಅದಕ್ಕೆ ಮುತ್ತುವ ಜೇನು. ತರಕಾರಿ ಗಾಡಿಯವರು ಮಧ್ಯಾಹ್ನ ಅಲ್ಲೇ ನಿಲ್ಲುತ್ತಿದ್ದರು, ಈಗೆಲ್ಲಿ ನಿಲ್ಲಬೇಕು? ಎಲೆ ಕಸವೂ ಅಲ್ಲ, ಹೊಂಗೆ ಸೊಪ್ಪನ್ನು ಗೊಬ್ಬರಕ್ಕೆ ಅಂತಲೇ ರೈತರು ಗದ್ದೆಗೆ ಹಾಕುತ್ತಾರಲ್ವಾ.

ಬೀದಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, 1976ರಿಂದಲೇ ಕಾಯ್ದೆ ಇದೆ. ಅನುಮತಿ ಕೊಡುವ ಮುಂಚೆ ಯಾರಾದರೂ ಬಂದು ತೊಗಟೆ ಕೆರೆದು ನೋಡಲಿ. ನಮ್ಮ ಮರದ ಬುಡ ಇನ್ನೂ ಇದೆ. ದಯವಿಟ್ಟು ಅದರ ಸುತ್ತ ಸಿಮೆಂಟ್ ಹಾಕಬೇಡಿ, ಹೊಂಗೆ ಕಡಿದ ಬುಡದಿಂದಲೂ ಚಿಗುರುತ್ತದೆ.

– ಒಬ್ಬ ಓದುಗ, ಮೈಸೂರು