ಸಂಶೋಧಕರು ಊರಲ್ಲಿ ನೆಲೆಸಲಿ

ಮಾನ್ಯ ಸಂಪಾದಕರೇ,

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ (1916–1999) ನಮ್ಮ ವಿದ್ಯಾರ್ಥಿಗಳ ಪಾಲಿಗೆ ‘ಸಂಸ್ಕೃತೀಕರಣ’ (ಕೆಳಜಾತಿಯವರು ಮೇಲ್ಜಾತಿಯವರ ಆಚಾರಗಳನ್ನು ಅನುಸರಿಸಿ ಮೇಲೇರಲು ಯತ್ನಿಸುವುದು), ‘ಪ್ರಬಲ ಜಾತಿ’ (ಸಂಖ್ಯೆ, ಭೂಮಿಗಳ ಬಲದಿಂದ ಊರಿನಲ್ಲಿ ಮೇಲುಗೈ ಪಡೆದ ಜಾತಿ) ಎಂಬ ಎರಡು ಕಿರುಟಿಪ್ಪಣಿಗಳಾಗಿ ಉಳಿದಿರುವುದು ಬೇಸರದ ಸಂಗತಿ. ಮೈಸೂರಿನಲ್ಲಿ ಹುಟ್ಟಿ, ಮುಂಬೈ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ಓದಿ, ಬರೋಡಾ, ದೆಹಲಿಗಳಲ್ಲಿ ಸಮಾಜಶಾಸ್ತ್ರ ವಿಭಾಗಗಳನ್ನು ಕಟ್ಟಿ, 1972ರಲ್ಲಿ ಬೆಂಗಳೂರಿಗೆ ಬಂದ ಅವರ ಬರವಣಿಗೆಯ ಬಲವೆಲ್ಲ ಕ್ಷೇತ್ರಕಾರ್ಯದಲ್ಲಿ, ಅಂದರೆ ಜನರ ನಡುವೆಯೇ ನೆಲೆಸಿ ಅವರ ಬದುಕನ್ನು ಕಂಡು ಬರೆಯುವುದರಲ್ಲಿ, ಇತ್ತು.

ಕೊಡವರ ಒಕ್ಕ (ತಂದೆಯ ಕಡೆಯ ಕೂಡುಕುಟುಂಬ), ಆಚರಣೆ ಮತ್ತು ದೈವಗಳನ್ನು ಕುರಿತ ಅವರ ಗ್ರಂಥ ಬಂದದ್ದು 1952ರಲ್ಲಿ. ಅದಕ್ಕೂ ಮೊದಲು, 1948ರಲ್ಲಿ, ‘ರಾಂಪುರ’ ಎಂದು ಹೆಸರು ಮರೆಸಿ ಬರೆದ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಅವರು ತಿಂಗಳುಗಟ್ಟಲೆ ನೆಲೆಸಿದ್ದರು. ಸ್ನಾನವಾದ ಮೇಲೆ ಕ್ಷೌರ ಮಾಡಿಕೊಂಡದ್ದಕ್ಕೆ ಅಲ್ಲಿ ಆಕ್ಷೇಪಣೆ ಕೇಳಬೇಕಾಯಿತೆಂದು ಅವರೇ ದಾಖಲಿಸಿದ್ದಾರೆ. ಒಕ್ಕಲಿಗರು ಪ್ರಬಲರಾಗಿದ್ದ ಊರು, ಪಟ್ಟಣದಿಂದ ಬಂದ ಬ್ರಾಹ್ಮಣನಿಗೆ ಅವನ ಮಡಿಯನ್ನು ನೆನಪಿಸಿತು! ಇಂಥ ಸಂಗತಿ ಯಾವ ಪ್ರಶ್ನಾವಳಿಗೂ ದಕ್ಕುವುದಿಲ್ಲ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರು ವಿಂಗಡಿಸಿಟ್ಟಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಆಹುತಿಯಾದವು. ಆದರೂ ಆ ಹಳ್ಳಿಯನ್ನು ನೆನಪಿನ ಬಲದಿಂದ ಬರೆದು 1976ರಲ್ಲಿ ಪ್ರಕಟಿಸಲು ಅವರಿಗೆ ಸಾಧ್ಯವಾದದ್ದು ಅಲ್ಲಿ ಬದುಕಿದ್ದರಿಂದಲೇ.

ಅವರ ನೋಟಕ್ಕೆ ಮಿತಿಗಳಿದ್ದವು. ಊರಿನ ಮುಖಂಡರ ಆಶ್ರಯದಲ್ಲಿದ್ದ ಬ್ರಾಹ್ಮಣ ವಿದ್ವಾಂಸನಿಗೆ ಮೇಲ್ಜಾತಿಯವರ ಊರು ಕಂಡಷ್ಟು ಸ್ಪಷ್ಟವಾಗಿ ದಲಿತ ಕೇರಿ ಕಾಣಲಿಲ್ಲ ಎಂಬ ಟೀಕೆ ನ್ಯಾಯವಾದದ್ದು. ಎಪ್ಪತ್ತರ ದಶಕದಲ್ಲಿ ಕರ್ನಾಟಕದಲ್ಲೇ ಬಲಗೊಂಡು, ಜಾತಿಶ್ರೇಣಿಯನ್ನೇ ಧಿಕ್ಕರಿಸಿದ ದಲಿತ ಚಳವಳಿಯನ್ನು ಸಂಸ್ಕೃತೀಕರಣದ ಅಳತೆಗೋಲಿನಿಂದ ಅರಿಯಲಾಗದು ಎಂಬುದೂ ನಿಜವೇ. ಆದರೆ ಆ ಕೊರತೆ ನೀಗಬೇಕಾದರೂ ಯಾರಾದರೂ ಕೇರಿಯಲ್ಲಿ ಅಷ್ಟೇ ಕಾಲ ಇದ್ದು ಬರೆಯಬೇಕಾಗುತ್ತದೆ.

ಈಗ ನಡೆಯುತ್ತಿರುವುದೇ ಬೇರೆ. ಧರ್ಮ, ಜಾತ್ರೆ, ಚಳವಳಿಗಳ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಟ್ಟ ಗೂಗಲ್ ಫಾರ್ಮ್‌ಗೆ ಬಂದ ಉತ್ತರಗಳನ್ನು ಶೇಕಡಾವಾರು ಕೋಷ್ಟಕಗಳಲ್ಲಿ ತುಂಬಿ ಪಿಎಚ್.ಡಿ. ಪಡೆದ ಪ್ರಬಂಧಗಳನ್ನು ನಾನು ಓದಿದ್ದೇನೆ. ಜಾತ್ರೆಯ ತೇರು ಯಾವ ಬೀದಿಗೆ ತಿರುಗುತ್ತದೆ, ಯಾವ ಬೀದಿಗೆ ತಿರುಗುವುದಿಲ್ಲ ಎಂಬ ಒಂದು ಸಾಲೂ ಅವುಗಳಲ್ಲಿಲ್ಲ. ಸಮಾಜಶಾಸ್ತ್ರದ ಪಿಎಚ್.ಡಿ.ಗೆ ಕನಿಷ್ಠ ಆರು ತಿಂಗಳ ಕ್ಷೇತ್ರವಾಸವನ್ನು ನಮ್ಮ ವಿಶ್ವವಿದ್ಯಾಲಯಗಳು ಕಡ್ಡಾಯಗೊಳಿಸಬೇಕು. ಅದರ ಜೊತೆಗೇ ಸಂಶೋಧನಾ ವೇತನವನ್ನು ತಿಂಗಳು ತಿಂಗಳೂ ತಪ್ಪದೆ ಕೊಡಬೇಕು. ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿಗೆ ಪರಊರಿನಲ್ಲಿ ಮನೆ ಬಾಡಿಗೆ ಕಟ್ಟಿಕೊಂಡು ಉಳಿಯಿರಿ ಎಂದು ನಿಯಮ ಮಾಡಿದರೆ, ಅವನು ಮತ್ತೆ ಗೂಗಲ್ ಫಾರ್ಮ್‌ಗೇ ಮರಳುತ್ತಾನೆ.

– ನಿವೃತ್ತ ಸಮಾಜಶಾಸ್ತ್ರ ಉಪನ್ಯಾಸಕ, ಮೈಸೂರು